ಕಟ್ಟಿಸಿದವರು ಸರಿ, ಹೂಳೆತ್ತಿದವರು ಯಾರು?

ಅಕ್ಕನ ಮಗಳು ಎಂಟನೇ ಕ್ಲಾಸು. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ನಾನು ಅವಳಿಗೆ ನೆನಪಾಗುತ್ತೇನೆ. ಮೊನ್ನೆ ಫೋನ್ ಮಾಡಿ, "ಮಾಮ, ನಾಗರಿಕತೆಯ ಲಕ್ಷಣಗಳು ಅಂತ ಎಂಟು ಪಾಯಿಂಟ್ ಬೇಕು, ಬೇಗ ಹೇಳು" ಅಂದಳು. ನಾನು ಬಾಯಿ ತೆರೆಯುವ ಮೊದಲೇ ತಾನೇ ಶುರು ಮಾಡಿದಳು. ನಗರ, ಕೋಟೆ, ಲಿಪಿ, ವ್ಯಾಪಾರ, ಒಳಚರಂಡಿ, ದೊಡ್ಡ ದೊಡ್ಡ ಕಟ್ಟಡ, ಶಿಲ್ಪ. ಏಳಾಯಿತು. ಎಂಟನೆಯದಕ್ಕೆ ಮಾತ್ರ ನಾನು ಬೇಕಿತ್ತು. "ತೆರಿಗೆ ಅಂತ ಬರ್ಕೋ" ಅಂದೆ. ಖುಷಿಯಾಗಿ ಫೋನ್ ಇಟ್ಟಳು. ಅವಳ ಕೆಲಸ ಮುಗಿಯಿತು, ನನ್ನ ತಲೆಯೊಳಗೆ ಶುರುವಾಯಿತು.

ಆ ಪಟ್ಟಿ ಅವಳದಲ್ಲ, ಅವಳ ಪುಸ್ತಕದ್ದೂ ಅಲ್ಲ. 1950ರಲ್ಲಿ ಗಾರ್ಡನ್ ಚೈಲ್ಡ್ ಎಂಬ ಪುರಾತತ್ವ ವಿದ್ವಾಂಸರು ಜಗತ್ತಿನ ಮೊದಲ ನಗರಗಳನ್ನು ಹಳ್ಳಿಗಳಿಂದ ಬೇರೆ ಮಾಡಿ ಗುರುತಿಸುವುದಕ್ಕೆ ಹತ್ತು ಲಕ್ಷಣ ಹೇಳಿದರು. ಜಾಸ್ತಿ ಜನ ಇರುವ ಊರು, ಬೇಸಾಯ ಬಿಟ್ಟು ಬೇರೆ ಕಸುಬು ಮಾಡುವವರು, ಮಿಕ್ಕ ಧಾನ್ಯವನ್ನು ತೆರಿಗೆಯಾಗಿ ಒಂದು ಕಡೆ ಕೂಡಿಡುವುದು, ಭಾರಿ ಕಟ್ಟಡ, ಆಳುವವರ ಗುಂಪು, ಬರವಣಿಗೆ, ಲೆಕ್ಕ, ಕಲೆ, ದೂರದ ವ್ಯಾಪಾರ, ನೆಂಟಸ್ತಿಕೆಗಿಂತ ಊರಿನ ಲೆಕ್ಕದಲ್ಲಿ ನಡೆಯುವ ಆಡಳಿತ. ಇದೇ ಪಟ್ಟಿ ಕೈಯಿಂದ ಕೈಗೆ ದಾಟಿ, ಸವೆದು, ಈಗ ನಮ್ಮ ಮಕ್ಕಳ ಎಂಟು ಪಾಯಿಂಟ್ ಆಗಿದೆ. ಚೈಲ್ಡ್ ಹೇಳಿದ್ದರಲ್ಲಿ ತಪ್ಪಿಲ್ಲ. ನೆಲ ಅಗೆಯುವವರು ಮಣ್ಣಿನಲ್ಲಿ ಸಿಕ್ಕಿದ್ದನ್ನೇ ತಾನೇ ಲೆಕ್ಕ ಹಿಡಿಯಬೇಕು? ಗೋಡೆ ಸಿಗುತ್ತದೆ. ವರ್ಷ ವರ್ಷ ಅದಕ್ಕೆ ಮಣ್ಣು ಮೆತ್ತಿದವರು ಸಿಗುವುದಿಲ್ಲ.

ಹುಡುಕಿದರೆ ಅವರ ಸುಳಿವು ಅಲ್ಲಲ್ಲಿ ಸಿಗುತ್ತದೆ. 1924ರಲ್ಲಿ ಜಾನ್ ಮಾರ್ಷಲ್ ಸಿಂಧೂ ಕಣಿವೆಯ ಸುದ್ದಿಯನ್ನು ಜಗತ್ತಿಗೆ ತಿಳಿಸಿದಾಗಿನಿಂದ ಮೊಹೆಂಜೊದಾರೋದ ಚರಂಡಿಗಳನ್ನು ಹೊಗಳಿದ್ದೇ ಹೊಗಳಿದ್ದು. ನನಗೆ ಆ ಚರಂಡಿಗಿಂತ ಅದರ ಮುಚ್ಚಳ ಇಷ್ಟ. ಮೇಲೆ ಹಾಸಿದ ಇಟ್ಟಿಗೆಗಳನ್ನು ಎತ್ತಿ ಪಕ್ಕಕ್ಕಿಡುವ ಹಾಗೆ ಬಿಟ್ಟಿದ್ದಾರೆ. ಅಲ್ಲಲ್ಲಿ ಕಸ ತಂಗಲು ಗುಂಡಿಗಳಿವೆ. ಅಂದರೆ ಕಟ್ಟುವಾಗಲೇ ಅವರಿಗೆ ಗೊತ್ತಿತ್ತು, ಇದು ಕಟ್ಟಿಕೊಳ್ಳುತ್ತದೆ, ಯಾರಾದರೂ ಬಂದು ಬಗ್ಗಿ ತೆಗೆಯಬೇಕು ಅಂತ. ಅದೇ ಊರಿನ ಕೊನೆಗಾಲದ ಪದರಕ್ಕೆ ಬನ್ನಿ. ಮನೆಗಳು ಬೀದಿಯೊಳಕ್ಕೆ ಚಾಚಿಕೊಂಡಿವೆ. ದೊಡ್ಡ ಮನೆಗಳನ್ನು ಸಣ್ಣ ಸಣ್ಣ ಕೋಣೆ ಮಾಡಿಕೊಂಡಿದ್ದಾರೆ. ಕುಂಬಾರರ ಆವಿಗೆ ಊರೊಳಗೇ ಬಂದಿದೆ. "ಅವನತಿಗೆ ಕಾರಣಗಳು" ಅಂತ ನಾವು ಪ್ರವಾಹ, ದಾಳಿ, ದಿಕ್ಕು ಬದಲಿಸಿದ ನದಿ ಅಂತೆಲ್ಲ ಬರೆದು ಅಂಕ ತೆಗೆದುಕೊಂಡೆವು. ಆ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ, ಇರಲಿ. ಆದರೆ ಬೀದಿ ಒತ್ತುವರಿಯಾದಾಗ ಕೇಳುವವರು ಯಾರೂ ಇರಲಿಲ್ಲ ಅನ್ನುವುದು ಮಾತ್ರ ಇಟ್ಟಿಗೆಯಲ್ಲೇ ಕಾಣುತ್ತದೆ.

ನನಗೆ ಅನ್ನಿಸುವುದು ಇಷ್ಟು. ಕಟ್ಟುವುದಕ್ಕೆ ಒಬ್ಬ ರಾಜ, ಒಂದಿಷ್ಟು ದುಡ್ಡು, ಒಂದು ಹುಮ್ಮಸ್ಸು ಸಾಕು. ಕಟ್ಟಿದ್ದನ್ನು ಮುನ್ನೂರು ವರ್ಷ ಕೆಡದ ಹಾಗೆ ನೋಡಿಕೊಳ್ಳುವುದಕ್ಕೆ ಬೇರೆಯದೇ ಏನೋ ಬೇಕು. ನಾಗರಿಕತೆ ಅಂತ ನಾನು ಕರೆಯುವುದಿದ್ದರೆ ಅದನ್ನೇ. ಅದು ಚರಿತ್ರೆಯಲ್ಲಿ ಬರೆದೂ ಇದೆ. ನಾವು ಓದುವಷ್ಟರಲ್ಲಿ ಸುಸ್ತಾಗಿ ಬಿಟ್ಟುಬಿಡುವ ಜಾಗದಲ್ಲಿ.

ಶಾಸನವನ್ನು ಬುಡದಿಂದ ಓದಿದರೆ

ಮಯೂರಶರ್ಮನ ಕಥೆ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಗುರು ವೀರಶರ್ಮನ ಜೊತೆ ಕಂಚಿಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು, ದರ್ಭೆ ಸಮಿತ್ತು ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದದ್ದು. ಇಷ್ಟೂ ನಮಗೆ ಸಿಕ್ಕಿದ್ದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದಿಂದ. ಐದನೇ ಶತಮಾನದ್ದು. ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಪದ್ಯ ಕಟ್ಟಿ, ತಾನೇ ಕಲ್ಲಿನ ಮೇಲೆ ಬರೆದದ್ದು. ಶಾಲೆಯಲ್ಲಿ ನಮ್ಮ ಮೇಷ್ಟ್ರು ಈ ಕಥೆಯನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದರು ಅಂದರೆ, ಕತ್ತಿ ಹಿರಿಯುವ ಜಾಗಕ್ಕೆ ಬಂದಾಗ ಸ್ಕೇಲು ಎತ್ತಿಬಿಡುತ್ತಿದ್ದರು, ಮೊದಲ ಬೆಂಚಿನವರು ಹಿಂದಕ್ಕೆ ಬಾಗುತ್ತಿದ್ದರು. ಆದರೆ ಆ ಕಂಬ ಯಾಕೆ ನಿಂತಿದೆ ಅಂತ ಯಾರೂ ಹೇಳಲಿಲ್ಲ. ಕದಂಬರನ್ನೆಲ್ಲ ಹೊಗಳಿ ಮುಗಿಸಿದ ಮೇಲೆ ಕುಬ್ಜ ವಿಷಯಕ್ಕೆ ಬರುತ್ತಾನೆ. ಇಲ್ಲಿನ ಶಿವನ ಗುಡಿಯ ಹತ್ತಿರ ಕಾಕುಸ್ಥವರ್ಮ ಒಂದು ದೊಡ್ಡ ಕೆರೆ ಕಟ್ಟಿಸಿದ. ಅದೇ ಸುದ್ದಿ. ಕಂಚಿ, ಕುದುರೆ, ಕತ್ತಿ ಎಲ್ಲ ಅದಕ್ಕೆ ಪೀಠಿಕೆ.

ಇನ್ನೂ ಹಿಂದಕ್ಕೆ ಹೋದರೆ ಚಿತ್ರದುರ್ಗದ ಚಂದ್ರವಳ್ಳಿ. ಅಲ್ಲಿನ ಬಂಡೆಯ ಮೇಲಿನ ಪ್ರಾಕೃತ ಶಾಸನವನ್ನು 1929ರಲ್ಲಿ ಎಂ. ಎಚ್. ಕೃಷ್ಣ ಓದಿದರು. ಮಯೂರಶರ್ಮನದೇ. ಅವನು ಗೆದ್ದ ರಾಜರ ಹೆಸರು ಸಾಲಾಗಿ ಬರುತ್ತವೆ, ಆ ಹೆಸರುಗಳ ಬಗ್ಗೆ ವಿದ್ವಾಂಸರು ಬೇಕಾದಷ್ಟು ಜಗಳವಾಡಿದ್ದಾರೆ. ಅದೂ ಕೆರೆಯ ಶಾಸನವೇ. ನಮ್ಮ ಮೊದಲ ರಾಜವಂಶದ ಎರಡು ಮುಖ್ಯ ದಾಖಲೆಗಳು ಕೆರೆಯ ದಂಡೆಯ ಕಾಗದಪತ್ರ ಅಂದರೆ ತಪ್ಪಾಗಲಾರದು. ನಾವು ಕೆರೆ ಬಿಟ್ಟು ಯುದ್ಧ ಓದಿಕೊಂಡೆವು.

ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸ್ ಹಳೇ ಮೈಸೂರಿನ ಊರೂರು ಸುತ್ತಿ ಒಂಬತ್ತು ಸಾವಿರದಷ್ಟು ಶಾಸನ ಪ್ರಕಟಿಸಿದರು. ಹನ್ನೆರಡು ಸಂಪುಟ. ನಿಮ್ಮ ಊರಿನ ಸಂಪುಟವನ್ನು ಸುಮ್ನೆ ಒಂದು ಮಧ್ಯಾಹ್ನ ತಿರುವಿ ನೋಡಿ. ಮೊದಲು ಬೇಜಾರಾಗುತ್ತದೆ. ಎಲ್ಲವೂ ಒಂದೇ ಥರ. ಲಗ್ನಪತ್ರಿಕೆಯ ಹಾಗೆ ಮೇಲೆ ದೇವರು, ಆಮೇಲೆ ಹಿರಿಯರು, ಅವರ ಬಿರುದುಗಳು. ಊಟ ಎಲ್ಲಿ ಅನ್ನುವುದು ಕೊನೆಗೆ. ಆ ಕೊನೆಯ ಸಾಲುಗಳಿಗೆ ಬಂದರೆ ಊರು ಕಾಣತೊಡಗುತ್ತದೆ. ಇಂಥ ಕೆರೆಯ ಕೆಳಗೆ ಇಷ್ಟು ಗದ್ದೆ, ಅದರ ಮೂಡಣಕ್ಕೆ ಹುತ್ತ, ತೆಂಕಣಕ್ಕೆ ಹುಣಿಸೆಮರ. ಕೆರೆ ನೋಡಿಕೊಳ್ಳುವುದಕ್ಕೆ ಬಿಟ್ಟ ಪಾಲು ಬಿತ್ತುವಟ್ಟ. ಕೆಲವು ಕಡೆ ಹೂಳು ಹೊರುವ ಬಂಡಿಗೆ, ಬಂಡಿಯ ಕೋಣಗಳಿಗೆ, ಅದನ್ನು ಹೊಡೆಯುವವನಿಗೆ ಅಂತಲೇ ಭೂಮಿ ಬಿಟ್ಟಿದ್ದಾರೆ. ವರ್ಷಪೂರ್ತಿ ಬಂಡಿ ಓಡಬೇಕು, ಹೂಳು ಹೊರಗೆ ಹೋಗುತ್ತಿರಬೇಕು. ಕೆರೆ ಕಟ್ಟಿದ ದಿನದ ಮೆರವಣಿಗೆಯ ಬಗ್ಗೆ ಅಲ್ಲ, ಅದಾಗಿ ಐವತ್ತನೇ ವರ್ಷದ ಒಂದು ಸಾಧಾರಣ ಬುಧವಾರದ ಬಗ್ಗೆ ಯೋಚನೆ ಮಾಡಿದವರ ಬರಹ ಅದು.

"ಕೆರೆಯಂ ಕಟ್ಟಿಸು ಬಾವಿಯಂ ಸವೆಸು" ಅನ್ನುವುದನ್ನು ನಾವು ಪ್ರತಿ ವೇದಿಕೆಯ ಮೇಲೂ ಕೇಳುತ್ತೇವೆ. ಅದೂ ವಿಜಯನಗರ ಕಾಲದ ಶಾಸನದ್ದೇ, ಚೆಂದದ ಮಾತು. ಆದರೆ ಅದಕ್ಕಿಂತ ಎಷ್ಟೋ ಹೆಚ್ಚು ಕಲ್ಲುಗಳ ಮೇಲೆ ಬರುವ ಇನ್ನೊಂದು ಶ್ಲೋಕವಿದೆ. ಅದನ್ನು ಯಾವ ಮಂತ್ರಿಯೂ ಭಾಷಣದಲ್ಲಿ ಹೇಳಿದ್ದು ನಾನು ಕೇಳಿಲ್ಲ. "ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋಽನುಪಾಲನಂ." ಕೊಡುವುದು, ಕೊಟ್ಟದ್ದನ್ನು ಕಾಯುವುದು, ಇವೆರಡರಲ್ಲಿ ಕಾಯುವುದೇ ಹೆಚ್ಚು. ಕೊಟ್ಟರೆ ಸ್ವರ್ಗ ಸಿಗುತ್ತದೆ, ಕಾಯ್ದರೆ ಎಂದೂ ಜಾರದ ಪದವಿ. ಇನ್ನೊಂದು ಶ್ಲೋಕದ ಪ್ರಕಾರ ನೀನು ಕೊಟ್ಟದ್ದಕ್ಕಿಂತ ಬೇರೆಯವರು ಕೊಟ್ಟದ್ದನ್ನು ಉಳಿಸಿದರೆ ಎರಡರಷ್ಟು ಪುಣ್ಯ. ಕೆಡಿಸಿದರೆ ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಬಿದ್ದಿರು. ಇದೆಲ್ಲ ಸಿದ್ಧ ಮಾದರಿ, ಬರೆಯುವವನು ಕಣ್ಣುಮುಚ್ಚಿ ಕೊರೆಯುತ್ತಿದ್ದ ಅಂತ ತಳ್ಳಿಹಾಕಬಹುದು. ನನಗೆ ಹಾಗನ್ನಿಸುವುದಿಲ್ಲ. ಒಂದು ಸಮಾಜ ಯಾವುದಕ್ಕೆ ಹೆದರುತ್ತಿತ್ತು ಅನ್ನುವುದು ಅದರ ಬೈಗುಳದಲ್ಲಿ ಗೊತ್ತಾಗುತ್ತದೆ. ಇವರು ಹೆದರುತ್ತಿದ್ದುದು ಶತ್ರುವಿಗಲ್ಲ, ಮುಂದೆ ಬರುವವನ ಅಸಡ್ಡೆಗೆ.

ಒಂದೇ ಬಂಡೆಯ ಮೇಲೆ ಏಳುನೂರು ವರ್ಷ

ಈ ಮಾತಿಗೆ ನನಗೆ ಗೊತ್ತಿರುವ ಅತಿ ಗಟ್ಟಿ ಸಾಕ್ಷಿ ಕರ್ನಾಟಕದ್ದಲ್ಲ, ಗುಜರಾತಿನ ಜುನಾಗಢದ್ದು. ಗಿರ್ನಾರ್ ಬೆಟ್ಟದ ದಾರಿಯಲ್ಲಿ ಒಂದು ಬಂಡೆ ಇದೆ. ಅದರ ಮೇಲೆ ಅಶೋಕನ ಧರ್ಮಶಾಸನಗಳಿವೆ. ಅದೇ ಬಂಡೆಯ ಮೇಲೆ ಶಕ ಕ್ಷತ್ರಪರ ದೊರೆ ರುದ್ರದಾಮ ಕ್ರಿ.ಶ. 150ರ ಸುಮಾರಿಗೆ ಬರೆಸಿದ್ದಿದೆ. ಅದರ ಜೊತೆಗೇ ಗುಪ್ತರ ಸ್ಕಂದಗುಪ್ತನ ಕಾಲದ್ದೂ ಇದೆ. ಆಮೇಲಿನ ಎರಡೂ ಸುದರ್ಶನ ಎಂಬ ಒಂದೇ ಕೆರೆಯ ಕಥೆ.

ರುದ್ರದಾಮನ ಶಾಸನ ಹಿಂದಿನವರ ಹೆಸರು ಹೇಳುವುದನ್ನು ಮರೆಯುವುದಿಲ್ಲ. ಕೆರೆ ಕಟ್ಟಿಸಿದವನು ಚಂದ್ರಗುಪ್ತ ಮೌರ್ಯನ ಅಧಿಕಾರಿ ಪುಷ್ಯಗುಪ್ತ, ವೈಶ್ಯ. ಅಶೋಕನ ಕಾಲದಲ್ಲಿ ಕಾಲುವೆಗಳನ್ನು ಮಾಡಿಸಿದವನು ತುಷಾಸ್ಫ, ಯವನ, ಅಂದರೆ ಆಗಿನವರ ಮಾತಲ್ಲಿ ಗ್ರೀಕ. ಆಮೇಲೆ ಒಂದು ಭಯಂಕರ ಮಳೆಗೆ ಏರಿ ಒಡೆಯಿತು. 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳದ ಬಿರುಕು. ನೀರೆಲ್ಲ ಹೋಗಿ ಕೆರೆ ಮರಳುಗಾಡಿನ ಹಾಗಾಯಿತು. ಮಂತ್ರಿಗಳು ಕೈಚೆಲ್ಲಿದರು. ಇಷ್ಟು ದೊಡ್ಡ ಬಿರುಕು ಮುಚ್ಚುವುದು ಆಗದ ಮಾತು ಅಂದರು. ಏರಿ ಮತ್ತೆ ಏಳುವುದಿಲ್ಲ ಅಂತ ಜನ ಹಾಹಾಕಾರ ಮಾಡಿದರು. ಇಷ್ಟನ್ನೂ ರಾಜನ ಶಾಸನವೇ ಹೇಳುತ್ತದೆ. ತನ್ನ ಮಂತ್ರಿಗಳು ಬೇಡ ಅಂದರು ಅನ್ನುವುದನ್ನು ಬಂಡೆಯ ಮೇಲೆ ಬರೆಸುವ ಧೈರ್ಯ ಈಗಿನ ಯಾವ ಸರ್ಕಾರಕ್ಕಿದೆ ಹೇಳಿ. ಆಗ ಆ ನಾಡಿನ ಅಧಿಕಾರಿಯಾಗಿದ್ದ ಸುವಿಶಾಖ ಎಂಬ ಪಹ್ಲವ (ಕಂಚಿಯ ಪಲ್ಲವರಲ್ಲ, ಇರಾನಿನ ಕಡೆಯವರು) ಏರಿಯನ್ನು ಮೊದಲಿಗಿಂತ ಮೂರರಷ್ಟು ಗಟ್ಟಿಯಾಗಿ ಕಟ್ಟಿದ. ಖರ್ಚು ರಾಜನ ಬೊಕ್ಕಸದ್ದು. ಹೊಸ ತೆರಿಗೆ ಹಾಕಲಿಲ್ಲ, ಬಿಟ್ಟಿ ಕೆಲಸ ಮಾಡಿಸಲಿಲ್ಲ ಅಂತ ಒತ್ತಿ ಹೇಳಿದ್ದಾರೆ. ಒತ್ತಿ ಹೇಳಿದ್ದಾರೆ ಅಂದರೆ ಮಿಕ್ಕ ಕಡೆ ಹಾಗೆ ಮಾಡಿಸುವುದೇ ರೂಢಿ ಅಂತ ಅರ್ಥ, ಅಲ್ವಾ?

ಮುನ್ನೂರು ವರ್ಷ ಕಳೆಯಿತು. 455ರಲ್ಲಿ ಮಳೆಗೆ ಮತ್ತೆ ಒಡೆಯಿತು. ಮರುವರ್ಷ ಚಕ್ರಪಾಲಿತ ಎಂಬ ಅಧಿಕಾರಿ ಎರಡು ತಿಂಗಳಲ್ಲಿ ಕಟ್ಟಿ ಮುಗಿಸಿದ. ಅದನ್ನೂ ಅದೇ ಬಂಡೆಯ ಮೇಲೆ ಬರೆಸಿದರು. ಮೌರ್ಯರು ಹೋದರು, ಶಕರು ಬಂದು ಹೋದರು, ಗುಪ್ತರು ಬಂದರು. ಭಾಷೆ ಪ್ರಾಕೃತದಿಂದ ಸಂಸ್ಕೃತವಾಯಿತು. ವೈಶ್ಯ, ಯವನ, ಪಹ್ಲವ ಎಲ್ಲರೂ ಒಂದೇ ಕೆರೆಗೆ ಮಣ್ಣು ಹಾಕಿಸಿದರು. ಈಗ ಟೀವಿಯಲ್ಲಿ ಕೂತು ಯಾರದು ಯಾವ ನಾಗರಿಕತೆ ಅಂತ ಕಿರುಚಾಡುವವರನ್ನು ಒಂದು ಸಲ ಆ ಬಂಡೆಯ ಮುಂದೆ ನಿಲ್ಲಿಸಬೇಕು ಅನ್ನಿಸುತ್ತದೆ. ಆ ಕೆರೆ ಈಗ ಇಲ್ಲ. ಯಾವುದೋ ಒಂದು ಮಳೆಗಾಲದ ಆಮೇಲೆ ಯಾರೂ ಮಣ್ಣು ಹಾಕಿಸಲಿಲ್ಲ.

(ಅಶೋಕನ ಮಾತು ಬಂದದ್ದಕ್ಕೆ ಇದೊಂದು. "ಅಶೋಕನು ರಸ್ತೆಯ ಇಕ್ಕೆಲಗಳಲ್ಲಿ ಸಾಲುಮರಗಳನ್ನು ನೆಡಿಸಿದನು" ಅನ್ನುವುದು ನಮ್ಮೆಲ್ಲರ ಬಾಯಲ್ಲಿದೆ. ಆಲದ ಮರ ನೆಡಿಸಿದೆ ಅಂತ ಅವನೇ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಅವಕ್ಕೆ ನೀರು ಹಾಕಿದವರು ಯಾರು ಅಂತ ಯಾವ ಪ್ರಶ್ನೆಪತ್ರಿಕೆಯೂ ಕೇಳಿಲ್ಲ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಆಲದ ಮರಗಳ ಮಟ್ಟಿಗೆ ನಮಗೆ ಉತ್ತರ ಗೊತ್ತಿದೆ. ತಿಮ್ಮಕ್ಕ, ಅವರ ಗಂಡ ಚಿಕ್ಕಯ್ಯ. ಕೊಡದಲ್ಲಿ ಹೊತ್ತು.)

ತೂಬಿನ ಹತ್ತಿರ

ಕೋಲಾರದ ಕಡೆ ನಮ್ಮ ಸೋದರಮಾವನ ಊರು. ಅಲ್ಲಿನ ಕೆರೆಯ ಏರಿಯ ಮೇಲೆ ಒಂದು ಶಾಸನದ ಕಲ್ಲಿದೆ, ಅರ್ಧ ಹೂತುಹೋಗಿದೆ. ಅದನ್ನು ನೋಡಬೇಕು ಅಂತ ಹೋಗಿದ್ದೆ. ಮಾವ ಊರಿನ ಹಳೇ ನೀರುಗಂಟಿಯನ್ನು, ಅಂದರೆ ಕೆರೆಯ ನೀರು ಬಿಟ್ಟು ಹಂಚುತ್ತಿದ್ದವರನ್ನು, ಕರೆಸಿದರು. ಎಂಬತ್ತು ದಾಟಿದ ತಾತ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಜಾಲಿಕೋಲು. ಕಲ್ಲನ್ನು ತೋರಿಸಿ, "ಇದರಲ್ಲಿ ಏನಿದೆ ತಾತ, ಕೇಳಿದ್ದೀರಾ?" ಅಂದೆ. "ನಂಗೇನ್ ಗೊತ್ತು ಸ್ವಾಮಿ, ಓದು ಬರಹ ಇಲ್ಲ. ಇದು ನಿಂತಿರೋ ಕಡೆ ಏರಿ ಮೆತ್ತಗೈತೆ ಅನ್ನೋದು ಗೊತ್ತು" ಅಂದರು. ಅಲ್ಲಿಂದ ನನ್ನ ಶಾಸನದ ಹುಚ್ಚು ಪಕ್ಕಕ್ಕೆ ಸರಿಯಿತು. ಸಂಜೆಯವರೆಗೆ ಅವರ ಹಿಂದೆ ತಿರುಗಿದೆ.

ಕೆರೆಯಲ್ಲಿ ಒಂದಿಷ್ಟು ಹಸಿರು ನೀರಿತ್ತು. ತೂಬಿನ ಎರಡು ಕಲ್ಲುಕಂಬ, ನಡುವೆ ಅಡ್ಡಕಲ್ಲು, ಅಡ್ಡಕಲ್ಲಿನಲ್ಲಿ ತೂತು. ಆ ತೂತಿನಿಂದ ಇಳಿಬಿಟ್ಟ ಉದ್ದನೆಯ ಮರದ ಗೂಟ ಕೆಳಗಿನ ಕಂಡಿಯನ್ನು ಮುಚ್ಚುತ್ತದೆ. ಗೂಟ ಎಷ್ಟು ಎತ್ತಿದರೆ ನೀರು ಅಷ್ಟು. ಗೂಟ ಕಚ್ಚಿಕೊಂಡರೆ ನೀರಿಗೆ ಇಳಿಯಬೇಕು. ಕೆಳಗೆ ಕೈಹಾಕಿ ಕಸ ತೆಗೆದು ಬರುವಾಗ ಹೇಗೆ ಉಸಿರು ಹಿಡಿಯಬೇಕು ಅಂತ ತಾತ ನಿಂತಲ್ಲೇ ಮಾಡಿ ತೋರಿಸಿದರು. ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಎಡಗೈಯಲ್ಲಿ ಕಾಣದ ಕಂಬವನ್ನು ಹಿಡಿದು. ದೀಪಾವಳಿಯ ಹೊತ್ತಿಗೆ ನೀರು ಯಾವ ಕಲ್ಲಿನ ಮಟ್ಟಕ್ಕಿದೆ ನೋಡಿ, ಈ ಸಲ ಎಲ್ಲಿವರೆಗೆ ಭತ್ತ, ಎಲ್ಲಿಂದ ರಾಗಿ ಅಂತ ಊರ ಹಿರಿಯರು ಕೂತು ತೀರ್ಮಾನ ಮಾಡುತ್ತಿದ್ದರಂತೆ. ನೀರು ಕಡಿಮೆ ಇದ್ದ ವರ್ಷ ಎಲ್ಲರ ಗದ್ದೆಯೂ ಸಮನಾಗಿ ಚಿಕ್ಕದಾಗುತ್ತಿತ್ತು. ಸರತಿ ಮೀರಿ ಮಡೆ ಒಡೆದವರನ್ನು ಹಿಡಿದುಕೊಡುವುದು ನೀರುಗಂಟಿಯ ಕೆಲಸ. "ಗೌಡ್ರು ಮಗನ್ನೂ ಹಿಡಿದಿದ್ದೀನಿ" ಅಂತ ನಕ್ಕರು. ಬೇಸಗೆಯಲ್ಲಿ ಮನೆಗಿಷ್ಟು ಬಂಡಿ ಅಂತ ಕೆರೆಯ ಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಕೆರೆಗೆ ಆಳ, ಹೊಲಕ್ಕೆ ಗೊಬ್ಬರ. ಸುಗ್ಗಿಯಲ್ಲಿ ಕಣದಲ್ಲೇ ನೀರುಗಂಟಿಗೆ ಆಯ, ಅಂದರೆ ಅವನ ಪಾಲಿನ ಧಾನ್ಯ, ಅಳೆದು ಕೊಡುತ್ತಿದ್ದರು.

ಬೋರ್‌ವೆಲ್ ಬಂದ ಮೇಲೆ ಇದೆಲ್ಲ ನಿಂತಿತು. ಇದಕ್ಕೆ ಯಾರನ್ನೂ ಬೈಯಬೇಕಾಗಿಲ್ಲ. ನನ್ನ ಹೊಲದಲ್ಲೇ ನೀರು ಎದ್ದರೆ ನಾನು ಯಾಕೆ ಊರಿನ ಕೆರೆಗೆ ಬಂಡಿ ಹೂಡಲಿ? ಆಮೇಲೆ ಸಾವಿರ ಅಡಿ ಕೊರೆದರೂ ನೀರು ಸಿಗದೆ ಹೋಯಿತು, ಅದು ಬೇರೆ ಮಾತು. ಹತ್ತೊಂಬತ್ತನೇ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಅನ್ನುವಷ್ಟು ಕೆರೆಗಳಿವೆ ಅಂತ ಬೆರಗಾಗಿ ಬರೆದಿದ್ದ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಆ ಸಾಲುಕೆರೆಗಳಿಗೇ 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಪೈಪಿನಲ್ಲಿ ಬರುತ್ತಿದೆ. ತಾತನಿಗೆ ಅದರ ಬಗ್ಗೆ ಕೇಳಿದೆ. "ನೀರು ನೀರೇ" ಅಂದರು, ಮುಖ ಮಾತ್ರ ಹುಳ್ಳಗೆ ಮಾಡಿಕೊಂಡರು.

ಕೆರೆಗೆ ಕೊಟ್ಟವರು

ಇಷ್ಟು ಹೇಳಿ ನಿಲ್ಲಿಸಿದರೆ ಇದು ಹಳೇ ಕಾಲವೇ ಚೆನ್ನಾಗಿತ್ತು ಅನ್ನುವ ಇನ್ನೊಂದು ಲೇಖನವಾಗುತ್ತದೆ. ಅಂಥವು ಬೇಕಾದಷ್ಟಿವೆ. ಆ ದಿನ ಮಾವನ ಮನೆಗೆ ಬಂದಾಗ ನಾನು ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ತಾತ ಅಂಗಳದಲ್ಲಿ ನಿಂತರು. ನನಗೆ ಸ್ಟೀಲ್ ಲೋಟದಲ್ಲಿ ಕಾಫಿ, ಅವರಿಗೆ ಪ್ಲಾಸ್ಟಿಕ್ ಲೋಟದಲ್ಲಿ. ಮಾವ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ದಿನವಿಡೀ ಅವರನ್ನು ಮಾತಾಡಿಸಿದ್ದು "ಬಾರೋ, ಹೋಗೋ" ಅಂತ. ಊರಿಗೆಲ್ಲ ನೀರು ಹಂಚಿದ ಮನುಷ್ಯನಿಗೆ ಕೆರೆಯ ಕೆಳಗೆ ಸ್ವಂತ ಗದ್ದೆ ಇದ್ದದ್ದು ಒಂದು ಬೆರಳುದ್ದ. ಆ ಸೀಮೆಯಲ್ಲಿ ನೀರುಗಂಟಿಕೆ ಹೆಚ್ಚಾಗಿ ದಲಿತರ ಮನೆತನಗಳದ್ದು. ತೂಬಿನ ಗೂಟ ಅವರ ಕೈಯಲ್ಲಿ, ಬೆಳೆ ಬೇರೆಯವರ ಮನೆಯಲ್ಲಿ. ನಾನು ಇಷ್ಟು ಹೊತ್ತು ಹೊಗಳಿದ ಏರ್ಪಾಡು ನಿಂತಿದ್ದದ್ದು ಹುಟ್ಟಿನಿಂದ ಬಿಡಿಸಿಕೊಳ್ಳಲಾಗದ ಕೆಲಸದ ಮೇಲೆ. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದುಹಾಕಿತು. ತೆಗೆಯಲೇಬೇಕಿತ್ತು. ಆ ಕೆಲಸವನ್ನು ಇನ್ನು ಯಾರು, ಯಾವ ಕೂಲಿಗೆ ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಸರಿಯಾಗಿ ಬರೆಯಲಿಲ್ಲ.

ಕಟ್ಟಿದ ಕಥೆಗಳೂ ಅಷ್ಟೇ. ನೀರು ಬರಲಿಲ್ಲ ಅಂತ ಕಿರಿಯ ಸೊಸೆಯನ್ನು ಕೆರೆಗೆ ಕೊಟ್ಟ ಮನೆಯ ಕಥೆಯನ್ನು ನಾವು ಕಣ್ಣೊರೆಸಿಕೊಂಡು ಹಾಡುತ್ತೇವೆ. ಅದು ಹಾಡು, ನಡೆದದ್ದಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯಸ್ ಬರೆದದ್ದೇನು? ಕೆರೆಯ ಕೆಲಸದಲ್ಲಿ ಇರುವೆಗಳ ಹಾಗೆ ಹದಿನೈದು ಇಪ್ಪತ್ತು ಸಾವಿರ ಜನ, ನೆಲವೇ ಕಾಣದಷ್ಟು. ಏರಿ ಎರಡು ಮೂರು ಸಲ ಒಡೆಯಿತು. ಬಲಿ ಬೇಕು ಅಂದರು. ಗುಡಿಯ ಬಾಗಿಲಲ್ಲಿ ಅರವತ್ತು ಜನರ ತಲೆ ಕಡಿಸಿದರು, ಜೊತೆಗೆ ಕುದುರೆ, ಕೋಣ. ನಮ್ಮ ಪಠ್ಯದಲ್ಲಿ "ಕೃಷ್ಣದೇವರಾಯನು ನೀರಾವರಿಗೆ ಪ್ರೋತ್ಸಾಹ ನೀಡಿದನು" ಅಂತ ಒಂದು ಸಾಲು ಇತ್ತು. ಸಾಲು ಸರಿಯಾಗಿಯೇ ಇದೆ.

ಕೆರೆ ಯಾರದು ಅನ್ನುವ ಪ್ರಶ್ನೆಯನ್ನು ಚರಿತ್ರೆಯಲ್ಲಿ ನೇರವಾಗಿ ಕೇಳಿದ್ದು ರಾಜರಲ್ಲ. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡಿನ ಚವದಾರ್ ಕೆರೆಗೆ ಇಳಿದು ಅಂಬೇಡ್ಕರ್ ಬೊಗಸೆಯಲ್ಲಿ ನೀರು ಕುಡಿದರು, ಅವರ ಹಿಂದೆ ಸಾವಿರಾರು ಜನ. ಕೆರೆಯನ್ನು ಎಲ್ಲರಿಗೂ ತೆರೆಯುವುದಾಗಿ ಅಲ್ಲಿನ ಪುರಸಭೆ ಆಗಲೇ ಠರಾವು ಮಾಡಿತ್ತು, ಕಾಗದದಲ್ಲಿ. ಮುಸ್ಲಿಮರು ಮುಟ್ಟುತ್ತಿದ್ದರು, ದನಗಳು ಕುಡಿಯುತ್ತಿದ್ದವು. ದಲಿತರು ಕುಡಿದ ಮೇಲೆ ಮೇಲ್ಜಾತಿಯವರು ಸಗಣಿ ಗಂಜಲ ಹಾಕಿ ಕೆರೆಯನ್ನು ಶುದ್ಧ ಮಾಡಿದರು. ಹೈಕೋರ್ಟಿನಲ್ಲಿ ದಲಿತರ ಪರವಾಗಿ ತೀರ್ಪು ಸಿಗಲು 1937 ಬರಬೇಕಾಯಿತು. ಈ ನೀರು ಕುಡಿದರೆ ನಾವೇನೂ ಅಮರರಾಗುವುದಿಲ್ಲ, ನಾವೂ ಎಲ್ಲರ ಹಾಗೆ ಮನುಷ್ಯರು ಅಂತ ತೋರಿಸಲು ಬಂದಿದ್ದೇವೆ ಅನ್ನುವ ಅರ್ಥದ ಮಾತು ಅಂಬೇಡ್ಕರ್ ಅವರದು. ಎಂಟು ಪಾಯಿಂಟಿನ ಪಟ್ಟಿಯಲ್ಲಿ ಇದು ಎಲ್ಲಿ ಕೂರುತ್ತದೆ? ನಮ್ಮಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ನನ್ನ ಪಟ್ಟಿಯಲ್ಲಿ ಅದು ಒಳಚರಂಡಿಗಿಂತ ಮೇಲಿದೆ. ಮೊಹೆಂಜೊದಾರೋದ ಚರಂಡಿಯ ಮುಚ್ಚಳ ನನಗೆ ಇಷ್ಟ ಅಂದೆನಲ್ಲ, ಅದನ್ನು ಎತ್ತಿದವರ ಹೆಂಡತಿ ಮಕ್ಕಳು ಆ ಊರಿನ ಯಾವ ಮೂಲೆಯಲ್ಲಿದ್ದರು ಅನ್ನುವುದು ಗೊತ್ತಾಗುವವರೆಗೆ ಆ ಇಷ್ಟ ಅರ್ಧವೇ.

ಎರಡು ರಾಜ್ಯಗಳ ಗಡಿ

ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ ಒಂದು ಕೆರೆ ಕಟ್ಟಿಸಿದ. 1369ರ ಶಾಸನವಿದೆ. ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಅಂತ ಲೆಕ್ಕ ಕೊಟ್ಟಿದ್ದಾರೆ. ಜೊತೆಗೆ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗ, ಕೆರೆಗೆ ತಗಲುವ ಆರು ದೋಷಗಳ ಪಟ್ಟಿಯೂ ಇದೆ. ಧರ್ಮವಂತ ರಾಜ, ನೀರಿನ ಶಾಸ್ತ್ರ ಬಲ್ಲವನು, ಗಟ್ಟಿ ನೆಲ, ಸಿಹಿನೀರಿನ ಹೊಳೆ, ಉದ್ದನೆಯ ಕಲ್ಲು ಸಿಗುವ ಗಣಿ, ಕೆಲಸ ಬಲ್ಲ ಆಳುಗಳು ಹೀಗೆ. ಎಷ್ಟು ಸಲ ಓದಿದರೂ ಆ ಹನ್ನೆರಡರಲ್ಲಿ ಹೂಳೆತ್ತುವವನು ಇಲ್ಲ. ಅಷ್ಟು ಜಾಣರೂ ಕಟ್ಟುವ ಹುರುಪಿನಲ್ಲಿ ಅವನನ್ನು ಬಿಟ್ಟಿದ್ದಾರೆ. ದೋಷಗಳ ಪಟ್ಟಿಯಲ್ಲಿ ಮಾತ್ರ ಒಂದು ಕಣ್ಣಿಗೆ ಬೀಳುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಸವುಳು ಮಣ್ಣು, ಇವುಗಳ ಜೊತೆಗೆ ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ದೋಷ. ಮಣ್ಣಿನ ದೋಷ, ನೀರಿನ ದೋಷದ ನಡುವೆ ಇದೊಂದು ಮನುಷ್ಯರ ದೋಷ. ಅಂಥ ಕೆರೆಗೆ ಜಗಳ ಇಬ್ಬರದು, ಗುದ್ದಲಿ ಯಾರದೂ ಅಲ್ಲ.

ನಮ್ಮ ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಅನ್ನುತ್ತಾರೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಒಂದು ಇಲಾಖೆ, ಕಡಿಮೆ ಇದ್ದರೆ ಪಂಚಾಯಿತಿ. ಅಂಗಳ ಒತ್ತುವರಿಯಾದರೆ ಅಳೆಯಲು ಇನ್ನೊಬ್ಬರು. ಮೀನಿನ ಹರಾಜಿಗೆ ಮತ್ತೊಬ್ಬರು. ಏರಿಯ ಮೇಲೆ ಬೆಳೆದ ಜಾಲಿಯ ಬೇರು ಏರಿಯನ್ನು ಸೀಳುತ್ತಿದೆ ಅಂತ ಮಾವ ಒಂದು ಅರ್ಜಿ ಹಿಡಿದು ತಿರುಗಿದರು. ಅದು ಕಚೇರಿಯಿಂದ ಕಚೇರಿಗೆ ಹೋಗಿ, ಮೊದಲ ಕಚೇರಿಗೇ ವಾಪಸ್ ಬಂತು. ಜಾಲಿ ಬೆಳೆಯುತ್ತಲೇ ಇದೆ.

ತಾತನ ಮಗ ಈಗ ಪಂಚಾಯಿತಿಯಲ್ಲಿ ನೀರುಗಂಟಿ. ಹುದ್ದೆಯ ಹೆಸರು ಹಾಗೇ ಉಳಿದಿದೆ. ಬೋರ್‌ವೆಲ್ ಮೋಟರ್ ಹಾಕುವುದು, ಟ್ಯಾಂಕ್ ತುಂಬಿಸುವುದು, ಯಾವ ಬೀದಿಗೆ ಎಷ್ಟು ಹೊತ್ತು ಅಂತ ವಾಲ್ವ್ ತಿರುಗಿಸುವುದು, ಬೀದಿಯವರ ಹತ್ತಿರ ಬೈಸಿಕೊಳ್ಳುವುದು. ನಾನು ಹೊರಡುವಾಗ ಬಸ್‌ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಬಿಟ್ಟ. ನಾಲ್ಕು ತಿಂಗಳಿಂದ ಸಂಬಳ ಆಗಿಲ್ಲ ಅಂದ. ನಾನು ಶಾಸನ, ಬಿತ್ತುವಟ್ಟ, ಕಣದಲ್ಲಿ ಅಳೆದು ಕೊಡುತ್ತಿದ್ದ ಆಯ ಅಂತೆಲ್ಲ ಹೇಳಿದೆ. ಆಗ ನೀರುಗಂಟಿಯ ಪಾಲನ್ನು ಕಲ್ಲಿನ ಮೇಲೇ ಬರೆದುಬಿಡುತ್ತಿದ್ದರು ಅಂದೆ. ತಾಳ್ಮೆಯಿಂದ ಕೇಳಿಸಿಕೊಂಡ. "ಕಲ್ಲೆಲ್ಲ ಬೇಡ ಸಾರ್" ಅಂದ. "ಪರ್ಮನೆಂಟ್ ಮಾಡ್ಲಿ, ಪಿಎಫ್ ಕಟ್ಲಿ. ವಾರಕ್ಕೊಂದು ರಜ ಬರೀಲಿ."